ಮೊದಲು ಚಾದ ಪಿಶವಿ, ಆಮ್ಯಾಲ ಉಪ್ಪು

ಪ್ರಶ್ನೆ: ಅಕ್ಕಾರ, ಗದಗ ಮಾರ್ಕೆಟ್ಟಿನ್ಯಾಗ ನಮ್ಮದು ಸೀರಿ ಅಂಗಡಿ. ಗಿರಾಕಿಗೆ ಚಾ ತರಸ್ತೀವಿ. ಕುದಿಯೋ ಚಾ ತೆಳ್ಳನ ಪ್ಲಾಸ್ಟಿಕ್ ಪಿಶವ್ಯಾಗ ಕಟ್ಟಿ, ಜೋಡಿ ಪೇಪರ್ ಕಪ್ ಕೊಡತಾರ. ಮಗಳು ನೋಡಿದ್ರ ಉಪ್ಪಿನ್ಯಾಗೂ ಮೈಕ್ರೋಪ್ಲಾಸ್ಟಿಕ್ (ಭಾಳ ಸಣ್ಣ ಪ್ಲಾಸ್ಟಿಕ್ ಚೂರು) ಐತಿ, ಪಾಕೀಟಿನ ಉಪ್ಪು ಬ್ಯಾಡ ಅಂತ ಹಟ ಹಿಡದಾಳ. ಯಾವುದು ಬಿಡೂಣು?
– ಓದುಗರು, ಗದಗ

ಉತ್ತರ: ತಂಗಿ, ಮಗಳು ಸುಳ್ಳು ಹೇಳಿಲ್ಲ. 2024ರಾಗ ದಿಲ್ಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ ತಪಾಸು ಮಾಡಿದ ಎಲ್ಲಾ ಉಪ್ಪು, ಸಕ್ರಿಯೊಳಗೂ ಪ್ಲಾಸ್ಟಿಕ್ ಚೂರು ಸಿಕ್ಕವು. ಅಯೋಡಿನ್ ಉಪ್ಪಿನ್ಯಾಗ ಹೆಚ್ಚಂದ್ರ ಕಿಲೋಕ್ಕ 89. ಆದ್ರ ದಿನಕ್ಕ 5 ಗ್ರಾಂ ಉಪ್ಪು ತಿಂದ್ರ ನಿನ್ನ ಪಾಲಿಗೆ ಅರ್ಧ ಚೂರೂ ಬರೂದಿಲ್ಲ. ಅಷ್ಟಕ್ಕ ಅಯೋಡಿನ್ ಬಿಟ್ಟು ಗಳಗಂಡ ತರಿಸಿಕೋಬ್ಯಾಡ.

ನನ್ನ ಸಿಟ್ಟು ಚಾದ ಮ್ಯಾಲ. ಖರಗಪುರದ ಐಐಟಿಯವರು ಪೇಪರ್ ಕಪ್ಪಿನ್ಯಾಗ 100 ಮಿಲಿ ಬಿಸಿನೀರು ಹಾಕಿ 15 ನಿಮಿಷ ಇಟ್ಟರ, ಕಪ್ಪು ಸುಮಾರು 25,000 ಸಣ್ಣ ಪ್ಲಾಸ್ಟಿಕ್ ಕಣ ಬಿಟ್ಟಿತ್ತು. (ಉಪ್ಪಿನ್ಯಾಗ ಎಣಿಸಿದ ಚೂರು ಇವಕ್ಕಿಂತ ದೊಡ್ಡವು, ಹಂಗಾಗಿ ತಕ್ಕಡಿ ಪೂರಾ ಸಮ ಅಲ್ಲ.) ಕಪ್ಪಿನ ಒಳಗ ಬೆರಳು ಆಡಿಸಿ ನೋಡು, ನುಣ್ಣಗ ಹತ್ತತೈತಿ. ಹರದು ರಾತ್ರಿಯೆಲ್ಲಾ ನೀರಾಗ ನೆನಿಸು. ಕಾಗದ ಮೆತ್ತಗಾಗಿ ತೆಳ್ಳನ ಪದರ ಬ್ಯಾರೆ ಸುಲೀತೈತಿ. ಅದು ಪ್ಲಾಸ್ಟಿಕ್ಕೇ. ಬಿಸಿ ತಾಗಿದಷ್ಟೂ, ಹೊತ್ತು ಕಳದಷ್ಟೂ ಉದುರೂದು ಜಾಸ್ತಿ. ಪಿಶವ್ಯಾಗಿನ ಚಾದ್ದೂ ಅದೇ ಕತಿ.

ಇಡ್ಲಿದೂ ಕೇಳು. 2025ರಾಗ ನಮ್ಮ ರಾಜ್ಯದ ಆರೋಗ್ಯ ಇಲಾಖೆ 251 ಕಡೆ ನೋಡಿದ್ರ 52 ಕಡೆ ಅರಿವಿ ಬದಲು ಪ್ಲಾಸ್ಟಿಕ್ ಹಾಳಿ ಹಾಸಿ ಇಡ್ಲಿ ಬೇಯಿಸ್ತಿದ್ರು.

ಜಡ್ಡು ಬರತೈತೇನು ಅಂತೀ? ಮನಷ್ಯಾರ ರಕ್ತದಾಗ ಪ್ಲಾಸ್ಟಿಕ್ ಸಿಕ್ಕೈತಿ, ಖರೆ. ಆದ್ರ ಇಂಥಾದ್ದೇ ಜಡ್ಡು ತರತೈತಿ ಅಂತ ಪಕ್ಕಾ ಹೇಳೋವಷ್ಟು ಪುರಾವೆ ಇನ್ನೂ ಇಲ್ಲ. ಹೆದರಬ್ಯಾಡ, ಆದ್ರ ಸುಮ್ನ ಯಾಕ ಕುಡೀಬೇಕು?

ಚಾದಂಗಡಿ ಗ್ಲಾಸು ಬಕೀಟಿನ ನೀರಾಗ ಅದ್ದಿ ತಗೀತಾರ, ಅದೂ ಬ್ಯಾಡ ಅಂತೀ, ಗೊತ್ತು. ಗಲ್ಲಾದ ಹಿಂದ ನಿನ್ನವೇ ಸ್ಟೀಲಿನ ವಾಟಗ, ಒಂದು ಥರ್ಮಾಸ್ ಇಡು. ಹುಡುಗನ ಕೈಯಾಗ ಥರ್ಮಾಸ್ ಕೊಟ್ಟು ಕಳಸು. ಸಂಜೀಕ ಮನಿಗೆ ಬಿಸಿ ಪಲ್ಯ, ಸಾರು ಒಯ್ಯೋದಿದ್ರೂ ಡಬ್ಬಿ ಹಿಡಕೊಂಡೇ ಹೋಗು. ಅಂಗಡಿಯವ ಮಾರಿ ಗಂಟ ಹಾಕಿದ್ರ, ‘ಪಿಶವಿ ರೊಕ್ಕ ಉಳೀತಲ್ಲೋ ಅಣ್ಣಾ, ಒಂದು ಸೌಟು ಜಾಸ್ತಿ ಹಾಕು’ ಅನ್ನು.