ವಿಮಾನದ ಲಗೇಜಿನಲ್ಲಿ ಕೋವಿ ಒಯ್ಯಲು ಎಂಥ ಪೆಟ್ಟಿಗೆ, ಎಂಥ ಬೀಗ ಬೇಕು?

ನಿಮ್ಮ ಪ್ರಶ್ನೆ ಓದಿದೆ: ಕೊಡಗಿನ ಪೊನ್ನಂಪೇಟೆಯಿಂದ ಪುಣೆಗೆ, ಅಪ್ಪನ ಜೋಡಿ ನಳಿಕೆಯ ಕೋವಿ, ಅದೂ ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೋಳ್ದ್ ಪೂಜೆಗೆ. ಪುಣೆಯ ಜಾಗದಲ್ಲಿ ಹೈದರಾಬಾದ್ ಎಂದು ಬರೆದರೆ ಇದು ನನ್ನದೇ ಪ್ರಶ್ನೆ. ನಾನೂ ಪೆಟ್ಟಿಗೆ ಮತ್ತು ಬೀಗದ ಚಿಂತೆಯಲ್ಲೇ ಇದ್ದೆ. ಒಳಗೆ ಸ್ಪಂಜು ಹಾಸಿದ ಗಟ್ಟಿ ಪೆಟ್ಟಿಗೆಯನ್ನೇ ಕೊಂಡೆ. ಅದರ ಬಗ್ಗೆ ವಿಮಾನ ನಿಲ್ದಾಣದಲ್ಲಿ ಒಬ್ಬರೂ ಒಂದು ಮಾತು ಕೇಳಲಿಲ್ಲ.

ಕೋವಿಯ ಕೆಲಸ ಸುಸೂತ್ರವಾಗಿಯೇ ನಡೆಯಿತು. ಟಿಕೆಟ್ ಮಾಡಿಸಿದಾಗಲೇ ವಿಮಾನ ಸಂಸ್ಥೆಗೆ ತಿಳಿಸಿದ್ದೆ. ಭದ್ರತಾ ಸಿಬ್ಬಂದಿ ಬಂದು ಕೋವಿಯನ್ನು ಮಡಚಿ, ಎರಡೂ ನಳಿಕೆಗಳನ್ನು ಬೆಳಕಿಗೆ ಹಿಡಿದು, ಖಾಲಿ ಇದೆಯೆಂದು ಬರೆದುಕೊಂಡರು. ನಂಬರನ್ನು, ಕೋವಿಗೆ ಲೈಸೆನ್ಸ್ ಬೇಡವೆನ್ನುವ ವಿನಾಯಿತಿ ಪತ್ರದೊಂದಿಗೆ ತಾಳೆ ನೋಡಿ ಸಹಿ ಹಾಕಿಸಿಕೊಂಡರು. ತೋಟಾಗಳು ಬೇರೆಯಾಗಿ, ಕಾರ್ಖಾನೆಯ ಪೊಟ್ಟಣದಲ್ಲೇ ಇದ್ದವು. ಅವೂ ಒಳಗೆ ಹೋದವು. ಗೆದ್ದೆ ಎಂದುಕೊಂಡು ಬೆನ್ನಚೀಲವನ್ನು ತಪಾಸಣೆಯ ಯಂತ್ರದ ಮೇಲಿಟ್ಟೆ.

ಆ ಚೀಲದ ವಿಷಯವನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು. ಅದು ಮನೆಯಲ್ಲಿ ಎಲ್ಲರಿಗೂ ಸೇರಿದ ಚೀಲ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಅಣ್ಣ ಹೋಗುವಾಗ ಅವನ ಪಾಯಿಂಟ್ ಟೂ ಟೂ ರೈಫಲ್ಲಿನ ಗುಂಡುಗಳು ಅದರಲ್ಲೇ ಹೋಗುತ್ತಿದ್ದವು. ಹೊರಡುವ ಹಿಂದಿನ ರಾತ್ರಿ ನಾನು ಚೀಲವನ್ನು ಬೋರಲು ಹಾಕಿ ಕೊಡವಿದ್ದೆ. ಎಲ್ಲ ಜೇಬುಗಳಿಗೂ ಕೈ ಹಾಕಿದ್ದೆ. ಮಡಿಕೇರಿಯ ಅಂಗಡಿಯೊಂದರ ರಸೀದಿ, ಒಣಗಿದ ಕಿತ್ತಳೆ ಸಿಪ್ಪೆ ಸಿಕ್ಕಿದವು. ಆದರೆ ಮುಂದಿನ ಜೇಬಿನ ಒಳಬಟ್ಟೆಯ ಹೊಲಿಗೆ ಒಂದು ಮೂಲೆಯಲ್ಲಿ ಬಿಚ್ಚಿಕೊಂಡಿತ್ತು. ಅಲ್ಲಿಂದ ಜಾರಿದ ಒಂದು ಗುಂಡು ಎರಡು ಬಟ್ಟೆಗಳ ನಡುವೆ, ಚೀಲದ ತಳದ ಅಂಚಿನಲ್ಲಿ ಕುಳಿತಿತ್ತು. ಅದರ ಉದ್ದ ಒಂದು ಅಂಗುಲ. ಕೊಡವಿದರೆ ಬೀಳುವುದಿಲ್ಲ, ಜೇಬಿಗೆ ಕೈ ಹಾಕಿದರೆ ಸಿಗುವುದಿಲ್ಲ. ಹೊರಗಿನಿಂದ ಅಂಚನ್ನು ಬೆರಳಲ್ಲಿ ಹಿಸುಕುತ್ತಾ ಬಂದಿದ್ದರೆ ಸಿಗುತ್ತಿತ್ತು. ನಾನು ಹಿಸುಕಲಿಲ್ಲ. ಯಂತ್ರದ ಪರದೆಗೆ ಮಾತ್ರ ಅದು ಸ್ಪಷ್ಟವಾಗಿ ಕಂಡಿತು.

ಅದು ನನ್ನ ಕೋವಿಯ ತೋಟಾ ಆಗಿದ್ದರೆ ಬಹುಶಃ ಕಿತ್ತುಕೊಂಡು, ಬರೆಸಿಕೊಂಡು ಬಿಡುತ್ತಿದ್ದರು. ನನ್ನ ಪತ್ರದಲ್ಲಿದ್ದದ್ದು 12 ಬೋರಿನ ಕೋವಿ, ಸಿಕ್ಕಿದ್ದು ಅಣ್ಣನ ರೈಫಲ್ಲಿನ ಗುಂಡು. ನಾನು ನಮ್ಮ ಚರಿತ್ರೆ ಬಿಚ್ಚಿದೆ: ಬ್ರಿಟಿಷರ ಕಾಲದಿಂದ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದ್ದು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದದ್ದು. ಅಧಿಕಾರಿ ತಾಳ್ಮೆಯಿಂದ ಪೂರ್ತಿ ಕೇಳಿ, "ಸರಿ, ಲೈಸೆನ್ಸ್ ಎಲ್ಲಿ?" ಎಂದರು.

ಪ್ರಯಾಣಿಕ ಹತ್ತದಿದ್ದರೆ ಅವನ ಲಗೇಜು ವಿಮಾನದಲ್ಲಿ ಹೋಗುವಂತಿಲ್ಲ. ಹಾಗಾಗಿ ಕೋವಿಯನ್ನು ಹುಡುಕಿ ಇಳಿಸುವವರೆಗೂ ಅಷ್ಟೂ ಜನ ನನ್ನಿಂದಾಗಿ ಕಾದರು. ಶಸ್ತ್ರಾಸ್ತ್ರ ಕಾಯ್ದೆಯಡಿ ಮೊಕದ್ದಮೆ ದಾಖಲಾಯಿತು. ಕೋವಿ ಮುದ್ದೆಮಾಲಾಯಿತು, ಅಂದರೆ ಮೊಕದ್ದಮೆಯ ವಸ್ತುವಾಗಿ ಜಪ್ತಾಯಿತು. ಸ್ವಾಧೀನ ಎನ್ನಬೇಕಾದರೆ ವಸ್ತು ತನ್ನ ಬಳಿ ಇದೆಯೆಂಬ ಅರಿವೂ ಇರಬೇಕು ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಗುನ್ವಂತ್‌ಲಾಲ್ ಪ್ರಕರಣದಲ್ಲಿ ಹೇಳಿದೆ. ನಮ್ಮ ವಕೀಲರು ಅದನ್ನೇ ಹಿಡಿದು ವಾದಿಸಿದರು, ಮೊಕದ್ದಮೆ ರದ್ದಾಯಿತು. ಕಾನೂನು ನಿಮ್ಮ ಪರವಾಗಿದೆ ಎಂಬ ಧೈರ್ಯ ಬೇಡ. ಆ ಮಾತು ಕೇಳಿಸಿಕೊಳ್ಳಲು ಹೈಕೋರ್ಟಿನವರೆಗೆ ಹೋಗಬೇಕಾಯಿತು, ಅಷ್ಟರಲ್ಲಿ ಮಳೆಗಾಲವೂ ಮುಗಿದಿತ್ತು. ಕೋವಿ ಕೈಗೆ ಬಂದಾಗ ನಳಿಕೆಯ ಬಾಯಿಯ ಸುತ್ತ ಕಂದು ಚುಕ್ಕೆಗಳೆದ್ದಿದ್ದವು. ಅರಗಿನ ಮುದ್ರೆಯ ದಾರ ಉಜ್ಜಿ ಉಜ್ಜಿ ಹಿಡಿಯ ಮೆರುಗು ಎದ್ದುಹೋಗಿತ್ತು. ಅಪ್ಪ ಏನೂ ಅನ್ನಲಿಲ್ಲ. ಎಣ್ಣೆ ಮತ್ತು ಬಟ್ಟೆ ತರಲು ಹೇಳಿದರು, ಅಷ್ಟೇ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪುಣೆಯಲ್ಲಿ ಕೋವಿಗೆ ಏನು ಕೆಲಸ? ಹಾರುವ ಬಿಲ್ಲೆಗೆ ಗುಂಡು ಹೊಡೆಯುವ ಟ್ರ್ಯಾಪ್ ಶೂಟಿಂಗ್ ಸ್ಪರ್ಧೆಗೆ ಹೋಗುವವರ ಮಾತು ಬೇರೆ, ಅವರಿಗೆ ಬೇರೆ ದಾರಿಯಿಲ್ಲ. ನೀವು ಒಯ್ಯುತ್ತಿರುವುದು ಪೂಜೆಗೆ. ಕೈಲ್‌ಪೋಳ್ದಿನಲ್ಲಿ ಕೋವಿ ಇರಬೇಕಾದದ್ದು ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ, ನಡುಮನೆಯ ದೀಪವಾದ ನೆಲ್ಲಕ್ಕಿ ಬೊಳ್ಚದ ಮುಂದೆ. ಅದರ ನಳಿಕೆಗೆ ಸಿಕ್ಕಿಸುವ ತೋಕ್ ಪೂ (ಕೋವಿ ಹೂ) ಆ ಹೊತ್ತಿಗೆ ನಮ್ಮ ಬೇಲಿಗಳಲ್ಲೇ ಅರಳಿರುತ್ತದೆ. ಬಾಡಿಗೆ ಮನೆಯ ಕಪಾಟಿನಲ್ಲಿ ಕೋವಿ ಬಚ್ಚಿಟ್ಟು, ಕಚೇರಿಗೆ ಹೋದ ಮೇಲೂ ಅದರದೇ ಯೋಚನೆ ಮಾಡುವುದಕ್ಕಿಂತ ರಜೆ ಹಾಕಿ ನೀವೇ ಊರಿಗೆ ಬನ್ನಿ.

ಇಷ್ಟಾದ ಮೇಲೂ ಒಯ್ಯುತ್ತೇನೆ ಎನ್ನುವುದಾದರೆ, ಪೆಟ್ಟಿಗೆ ಗಟ್ಟಿಯದೇ ಇರಲಿ, ಚೆನ್ನಾಗಿ ಬೀಗ ಬೀಳಲಿ. ಪತ್ರದ ಮೂಲಪ್ರತಿಯನ್ನು ಲಗೇಜಿಗೆ ಹಾಕಬೇಡಿ, ಕೈಯಲ್ಲಿಟ್ಟುಕೊಳ್ಳಿ. ತೋಟಾಗಳ ತೂಕ ಪೊಟ್ಟಣವೂ ಸೇರಿ ಐದು ಕಿಲೋ ದಾಟುವಂತಿಲ್ಲ. ಒಯ್ಯುವುದು ನಳಿಕೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯಾದರೆ ಮದ್ದು, ಕೇಪು ಎರಡನ್ನೂ ಮನೆಯಲ್ಲೇ ಬಿಡಿ, ಅವುಗಳನ್ನು ಲಗೇಜಿನಲ್ಲೂ ಬಿಡುವುದಿಲ್ಲ. ವಿಮಾನದೊಳಗೆ ಒಯ್ಯುವ ಚೀಲ ಮಾತ್ರ ಹೊಸದಾಗಿರಲಿ, ಅಂಗಡಿಯಿಂದ ನೇರವಾಗಿ ಬಂದದ್ದು. ಟಿಕೆಟ್ ಮಾಡಿಸುವ ಮೊದಲು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ, ನಿಮ್ಮ ಪತ್ರದ ಮೇಲೆ ಜಿಲ್ಲೆಯ ಹೊರಗೆ ಏನೇನು ಒಯ್ಯಬಹುದು ಎಂಬುದನ್ನು ಬರಹದಲ್ಲೇ ಪಡೆಯಿರಿ. ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದರೆ ಎದ್ದು ಬರಬೇಡಿ.