ಹಣ ಕಡಿತವಾಗಿ ಎದುರಿನವರಿಗೆ ತಲುಪದಿದ್ದಾಗ ಎರಡನೇ ಸಲ ಕಳುಹಿಸಬೇಡಿ

ಪಣಿಯೂರು ಮೆಣಸಿನ ಸಸಿಗಾಗಿ ನರ್ಸರಿಗೆ 8,400 ರೂಪಾಯಿ ಕಳುಹಿಸಿ, ಆ್ಯಪ್‌ನಲ್ಲಿ ‘ಪ್ರೊಸೆಸಿಂಗ್’ ಎಂದು ಕಂಡ ಕೂಡಲೇ ಅದೇ ಮೊತ್ತವನ್ನು ಮತ್ತೊಮ್ಮೆ ಕಳುಹಿಸಿದ್ದಾಗಿ ಈ ಗುಂಪಿನಲ್ಲಿ ನಿನ್ನೆ ಬರೆದಿರುವ ಸ್ನೇಹಿತರಿಗೆ ಈ ಉತ್ತರ. ಎರಡೂ ಸಲದ ಹಣ ನರ್ಸರಿಯವರಿಗೇ ಹೋಗಿರಬಹುದೆಂಬ ನಿಮ್ಮ ಅನುಮಾನ ಬಹುಮಟ್ಟಿಗೆ ಸರಿಯಾಗಿದೆ. ಗೊಬ್ಬರದಂಗಡಿಯ ಮುಂದೆ ನಿಂತು ನಾನೂ ಹೀಗೆಯೇ ಎರಡು ಸಲ ಒತ್ತಿದವನು. ಅದಲ್ಲದೆ ಇಲ್ಲಿ ಕೆಲವರು ಕೊಟ್ಟಿರುವ ಸಲಹೆಗಳು ಹೋದ ಹಣದ ಜೊತೆಗೆ ಇರುವ ಹಣವನ್ನೂ ಕಳೆಯುವಂಥವಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ನೀವು ಗುಂಪಿನಲ್ಲಿ ಹಾಕಿರುವ ಸ್ಕ್ರೀನ್‌ಶಾಟನ್ನು ಅಳಿಸಿಹಾಕಿ. ಅದರಲ್ಲಿ ನಿಮ್ಮ ಮೊಬೈಲ್ ಸಂಖ್ಯೆ, ಯುಪಿಐ ಐಡಿ, ಬ್ಯಾಂಕಿನ ಹೆಸರು, ಖಾತೆಯ ಕೊನೆಯ ನಾಲ್ಕು ಅಂಕಿ, ಹನ್ನೆರಡು ಅಂಕಿಯ ಯುಪಿಐ ರೆಫರೆನ್ಸ್ ಸಂಖ್ಯೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿವೆ. ನಾಳೆ ಯಾರೋ ಫೋನ್ ಮಾಡಿ, ತಾವು ಬ್ಯಾಂಕಿನವರೆಂದು ಹೇಳಿಕೊಂಡು, ಆ ಹನ್ನೆರಡು ಅಂಕಿಗಳನ್ನು ತಪ್ಪಿಲ್ಲದೆ ಓದಿ ಹೇಳಿದರೆ ಎಂಥ ಜಾಗರೂಕರೂ ನಂಬಿಬಿಡುತ್ತಾರೆ. ಮೇಲೆ ಒಬ್ಬರು ಗೂಗಲ್‌ನಲ್ಲಿ ಹುಡುಕಿ ‘ಕಸ್ಟಮರ್ ಕೇರ್’ ನಂಬರ್ ಕೊಟ್ಟಿದ್ದಾರೆ. ಸದುದ್ದೇಶವೇ ಇರಬಹುದು, ಆದರೆ ದಯವಿಟ್ಟು ಆ ನಂಬರಿಗೆ ಕರೆ ಮಾಡಬೇಡಿ. ಬ್ಯಾಂಕಿನ ನಂಬರನ್ನು ಡೆಬಿಟ್ ಕಾರ್ಡಿನ ಹಿಂಬದಿಯಿಂದ ಅಥವಾ ಪಾಸ್‌ಬುಕ್ಕಿನಿಂದ, ಆ್ಯಪ್‌ನವರ ಸಹಾಯವನ್ನು ಆ ಆ್ಯಪ್‌ನ ಒಳಗಿನಿಂದ ಮಾತ್ರ ಪಡೆಯಬೇಕು. ಹಣ ವಾಪಸು ಕೊಡುತ್ತೇವೆಂದು ಹೇಳಿ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸುವವರು, ಕ್ಯೂಆರ್ ಕೋಡ್ ಕಳುಹಿಸಿ ಪಿನ್ ಒತ್ತಿ ಎನ್ನುವವರು ಕಳ್ಳರೇ ಹೊರತು ಬೇರೆಯಲ್ಲ. ಯುಪಿಐ ಪಿನ್ ಇರುವುದು ಹಣ ಕೊಡುವುದಕ್ಕೆ. ಪಡೆಯುವುದಕ್ಕೆ ಅದು ಬೇಕಾಗುವುದೇ ಇಲ್ಲ. ಇದನ್ನು ಈ ಗುಂಪಿನಲ್ಲಿ ಎಷ್ಟು ಸಲ ಬರೆದರೂ ಮತ್ತೆ ಬರೆಯಬೇಕಾಗಿ ಬರುತ್ತಿರುವುದು ಬೇಸರದ ಸಂಗತಿ.

ಇನ್ನು ನಿಮ್ಮ ಹಣದ ವಿಷಯ. ‘ಪ್ರೊಸೆಸಿಂಗ್’ ಅಥವಾ ‘ಪೆಂಡಿಂಗ್’ ಎಂದರೆ ‘ಫೇಲ್’ ಎಂದಲ್ಲ. ನೀವು ಪಿನ್ ಒತ್ತಿದ ಮೇಲೆ ನಿಮ್ಮ ಬ್ಯಾಂಕ್ ಖಾತೆಯಿಂದ ಮೊತ್ತವನ್ನು ಕಡಿತ ಮಾಡುತ್ತದೆ. ಅನಂತರ ಯುಪಿಐಯನ್ನು ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಮೂಲಕ ಎದುರಿನ ಬ್ಯಾಂಕಿಗೆ, ಈ ಖಾತೆಗೆ ಇಷ್ಟು ಜಮಾ ಮಾಡಿ ಎಂಬ ಸಂದೇಶ ಹೋಗುತ್ತದೆ. ಆ ಬ್ಯಾಂಕಿನ ಸರ್ವರ್ ನಿಗದಿತ ಸಮಯದೊಳಗೆ ಉತ್ತರ ಕೊಡದಿದ್ದರೆ ವಹಿವಾಟು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತೆ ನಿಲ್ಲುತ್ತದೆ. ಮುಂದೆ ಬ್ಯಾಂಕುಗಳು ತಮ್ಮ ಲೆಕ್ಕ ತಾಳೆ ನೋಡಿಕೊಳ್ಳುವಾಗ ಒಂದೋ ಆ ಮೊತ್ತವನ್ನು ಎದುರಿನವರಿಗೆ ಜಮಾ ಮಾಡುತ್ತವೆ, ಇಲ್ಲವೇ ನಿಮಗೆ ಹಿಂದಿರುಗಿಸುತ್ತವೆ. ಈ ನಡುವೆ ನೀವು ಎರಡನೆಯ ಸಲ ಕಳುಹಿಸಿದರೆ ಅದು ಹೊಸ ರೆಫರೆನ್ಸ್ ಸಂಖ್ಯೆಯ ಬೇರೊಂದು ವಹಿವಾಟು. ಮೊದಲನೆಯದು ಆಮೇಲೆ ಜಮಾ ಆದರೆ ಬ್ಯಾಂಕಿನ ದೃಷ್ಟಿಯಲ್ಲಿ ಎರಡೂ ಯಶಸ್ವಿ. ತಪ್ಪು ಯಾರದ್ದೂ ಅಲ್ಲದ ಕಾರಣ ದೂರು ಕೊಟ್ಟರೂ ಬ್ಯಾಂಕ್ ತಾನಾಗಿ ಹಣ ಹಿಂದೆ ತರುವುದಿಲ್ಲ, ಪಡೆದವರ ಒಪ್ಪಿಗೆ ಬೇಕಾಗುತ್ತದೆ.

ಎಷ್ಟು ದಿನ ಕಾಯಬೇಕೆಂಬುದಕ್ಕೆ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಿದೆ. ಯುಪಿಐ ಮೂಲಕ ವ್ಯಕ್ತಿಯ ಖಾತೆಗೆ ಕಳುಹಿಸಿದ ಹಣ ಅಲ್ಲಿ ಜಮಾ ಆಗದಿದ್ದರೆ ಮರುದಿನದೊಳಗೆ ವಾಪಸಾಗಬೇಕು. ಅಂಗಡಿಗೆ ಪಾವತಿ ಮಾಡಿದಾಗ ದೃಢೀಕರಣ ತಲುಪದಿದ್ದರೆ ಐದು ದಿನದೊಳಗೆ ವಾಪಸಾಗಬೇಕು. ಎಟಿಎಂನಲ್ಲಿ ನೋಟು ಹೊರಬಾರದೆ ಖಾತೆಯಲ್ಲಿ ಕಡಿತವಾದಾಗಲೂ ಐದು ದಿನವೇ. ಇವು ಕ್ಯಾಲೆಂಡರಿನ ದಿನಗಳಾದ್ದರಿಂದ ಭಾನುವಾರವೆಂಬ ನೆಪ ಇಲ್ಲಿ ನಡೆಯುವುದಿಲ್ಲ. ಅವಧಿ ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನು ಗ್ರಾಹಕರು ಕೇಳದೆಯೇ ಖಾತೆಗೆ ಹಾಕಬೇಕೆಂದು ಅದೇ ಸುತ್ತೋಲೆ ಹೇಳುತ್ತದೆ. ಕೇಳದೆ ಹಾಕಿದ್ದನ್ನು ನಾನಂತೂ ನೋಡಿಲ್ಲ, ಆದ್ದರಿಂದ ದೂರಿನಲ್ಲಿ ಸುತ್ತೋಲೆಯ ದಿನಾಂಕವನ್ನು ಬರೆದೇ ಕೇಳಿ.

ನರ್ಸರಿಯವರು ‘ಬಂದಿಲ್ಲ’ ಎಂದ ಮಾತ್ರಕ್ಕೆ ಬಂದಿಲ್ಲವೆಂದೂ ಅಲ್ಲ. ಹಣ ಬಂದದ್ದನ್ನು ಕೂಗಿ ಹೇಳುವ, ಅವರ ಮೇಜಿನ ಮೇಲಿನ ಸೌಂಡ್‌ಬಾಕ್ಸ್ ತನ್ನದೇ ಸಿಮ್‌ನಿಂದ ನಡೆಯುತ್ತದೆ. ನಮ್ಮ ಮಲೆನಾಡಿನ ನೆಟ್‌ವರ್ಕಿನಲ್ಲಿ, ಅದೂ ಮಳೆಗಾಲದಲ್ಲಿ, ಹಣ ಜಮಾ ಆಗಿದ್ದರೂ ಅದು ಬಾಯಿ ಬಿಡುವುದಿಲ್ಲ. ಅಂಗಡಿಯ ಕ್ಯೂಆರ್‌ಗೆ ಬಂದ ಹಣ ಕೆಲವೊಮ್ಮೆ ಪಾವತಿ ಕಂಪನಿಯ ಬಳಿ ಒಟ್ಟಾಗಿ ಮರುದಿನ ಬ್ಯಾಂಕ್ ಖಾತೆಗೆ ಹೋಗುವುದರಿಂದ, ಅವರು ಖಾತೆಯ ಬಾಕಿ ನೋಡಿ ಹೇಳಿದ್ದೂ ಪ್ರಮಾಣವಲ್ಲ. ಅವರ ವ್ಯಾಪಾರಿ ಆ್ಯಪ್‌ನಲ್ಲಿ ಆ ದಿನದ ಪಟ್ಟಿಯನ್ನು ತೆರೆಸಿ, ನಿಮ್ಮ ಹನ್ನೆರಡು ಅಂಕಿಯ ಸಂಖ್ಯೆಯನ್ನು ಒಂದೊಂದಾಗಿ ಹೊಂದಿಸಿ ನೋಡಬೇಕು. ಇಲ್ಲಿ ಸಸಿ ಮಾರುವ ಸದಸ್ಯರೂ ಇರುವುದರಿಂದ ಅವರಿಗೂ ಹೇಳುತ್ತೇನೆ: ಗ್ರಾಹಕರು ತೋರಿಸುವ ಸ್ಕ್ರೀನ್‌ಶಾಟ್ ನೋಡಿ ಗಿಡ ಲೋಡ್ ಮಾಡಬೇಡಿ, ಹಾಗೆಯೇ ಪೆಟ್ಟಿಗೆ ಕೂಗಲಿಲ್ಲವೆಂದು ಮತ್ತೊಮ್ಮೆ ಕಳುಹಿಸಲೂ ಹೇಳಬೇಡಿ.

ದೂರನ್ನು ಆ್ಯಪ್‌ನಲ್ಲಿ ಆ ವಹಿವಾಟಿನ ಮೇಲೆ ಒತ್ತಿ ದಾಖಲಿಸಿ, ಜೊತೆಗೆ ಬ್ಯಾಂಕಿಗೂ ಲಿಖಿತವಾಗಿ ಕೊಡಿ. ಬ್ಯಾಂಕ್ 30 ದಿನದೊಳಗೆ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿರದಿದ್ದರೆ ಬ್ಯಾಂಕುಗಳ ಮೇಲಿನ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ವಿಚಾರಿಸಲು 14448 ಇದೆ. ಬ್ಯಾಂಕಿಗೆ ಕೊಡದೆ ನೇರವಾಗಿ ಅಲ್ಲಿಗೆ ಹೋದರೆ ದೂರನ್ನು ಪರಿಗಣಿಸುವುದಿಲ್ಲ. ಮೋಸದಿಂದಲೇ ಹಣ ಹೋಗಿದ್ದರೆ ಮಾತ್ರ ಈ ಕ್ರಮವನ್ನು ಬಿಟ್ಟು ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ, ಏಕೆಂದರೆ ಹಣ ಇನ್ನೊಂದು ಖಾತೆಗೆ ಜಾರುವ ಮೊದಲು ತಡೆಯುವುದಷ್ಟೇ ಅಲ್ಲಿರುವ ದಾರಿ.

ನಾನು ಆಮೇಲೆ ಮಾಡಿಕೊಂಡಿರುವ ಏರ್ಪಾಡನ್ನು ಎಲ್ಲರಿಗೂ ಹೇಳುತ್ತಲೇ ಇರುತ್ತೇನೆ, ಇಲ್ಲಿಯೂ ಹೇಳುತ್ತೇನೆ. ಅಡಿಕೆಯ ಹಣ, ಬೆಳೆಸಾಲದ ಹಣ ಬರುವ ಖಾತೆಯನ್ನು ಯುಪಿಐಗೆ ಜೋಡಿಸಲೇಬಾರದು. ಪಾವತಿಗಳಿಗಾಗಿಯೇ ಬೇರೆ ಬ್ಯಾಂಕಿನಲ್ಲಿ ಒಂದು ಸಣ್ಣ ಉಳಿತಾಯ ಖಾತೆ ತೆರೆದು, ಅದನ್ನಷ್ಟೇ ಆ್ಯಪ್‌ಗೆ ಜೋಡಿಸಿ, ವಾರಕ್ಕೊಮ್ಮೆ ಬೇಕಾದಷ್ಟು ಹಣವನ್ನು ದೊಡ್ಡ ಖಾತೆಯಿಂದ ನೆಫ್ಟ್ (ಒಂದು ಬ್ಯಾಂಕ್ ಖಾತೆಯಿಂದ ಇನ್ನೊಂದಕ್ಕೆ ಹಣ ಕಳುಹಿಸುವ ವ್ಯವಸ್ಥೆ) ಮಾಡಿಕೊಳ್ಳುತ್ತೇನೆ. ಪಿನ್ ಯಾರ ಕೈಗೆ ಸಿಕ್ಕಿದರೂ, ವಹಿವಾಟು ನಡುವೆ ಸಿಕ್ಕಿಹಾಕಿಕೊಂಡರೂ, ತೊಂದರೆಗೆ ಸಿಲುಕುವುದು ಆ ವಾರದ ಖರ್ಚಿನ ಹಣ ಮಾತ್ರ, ಕೊಯ್ಲಿನ ಕೂಲಿಯ ಹಣವಲ್ಲ. ಕನಿಷ್ಠ ಬಾಕಿಯ ದಂಡಕ್ಕೆ ಹೆದರುವವರಿಗೆ ಹೇಳುವುದಾದರೆ, ಸ್ಟೇಟ್ ಬ್ಯಾಂಕ್ 2020ರಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ಉಳಿತಾಯ ಖಾತೆಗಳಿಗೆ ಆ ದಂಡವನ್ನು ಕೈಬಿಟ್ಟಿವೆ. ಚಹಾ, ತರಕಾರಿ, ಬಸ್ಸಿನಂಥ ಚಿಲ್ಲರೆ ಪಾವತಿಗಳಿಗೆ, ಮೊದಲೇ ಸ್ವಲ್ಪ ಹಣ ತುಂಬಿಟ್ಟುಕೊಂಡು ಖರ್ಚು ಮಾಡುವ ಯುಪಿಐ ಲೈಟ್ ಬಳಸುತ್ತೇನೆ. ಒಮ್ಮೆಗೆ 1,000, ಒಟ್ಟು 5,000 ರೂಪಾಯಿಯ ಮಿತಿಯಿರುವ ಅದರಲ್ಲಿ ಪ್ರತಿ ಸಲ ಬ್ಯಾಂಕಿನ ಸರ್ವರ್‌ಗಾಗಿ ಕಾಯುವ ಪ್ರಮೇಯ ಕಡಿಮೆ, ಪಾಸ್‌ಬುಕ್ಕೂ ಹತ್ತು ರೂಪಾಯಿಯ ಸಾಲುಗಳಿಂದ ತುಂಬುವುದಿಲ್ಲ. ಆದರೆ ಅದಕ್ಕೆ ಪಿನ್ ಇಲ್ಲದ್ದರಿಂದ ಫೋನಿಗೆ ಲಾಕ್ ಇರಲೇಬೇಕು, ಮತ್ತು ಫೋನ್ ಬದಲಾಯಿಸುವ ಮೊದಲು ಲೈಟ್ ಅನ್ನು ಮುಚ್ಚಿ ಉಳಿದ ಹಣವನ್ನು ಖಾತೆಗೆ ತಂದುಕೊಳ್ಳಬೇಕು. ಆ್ಯಪ್ ಯಾವುದು ಎಂದು ಕೇಳಿದರೆ ನನ್ನ ಆಯ್ಕೆ ಭೀಮ್. ಅದು ಎನ್‌ಪಿಸಿಐಯದ್ದೇ, ನೋಡಲು ಸರಳ. ಫೋನ್‌ಪೇ, ಗೂಗಲ್ ಪೇ ಬಳಸುವವರು ಬದಲಾಯಿಸಬೇಕಾಗಿಲ್ಲ. ಹಣ ಇರುವುದು ಬ್ಯಾಂಕಿನಲ್ಲಿ, ಆ್ಯಪ್‌ನಲ್ಲಲ್ಲ. ಮೂರು ಆ್ಯಪ್‌ಗಳಿಗೂ ಒಂದೇ ಖಾತೆಯನ್ನು ಜೋಡಿಸಿಕೊಂಡು ಯಾವುದರಿಂದ ಕಳುಹಿಸಿದೆನೆಂದು ತಡಕಾಡುವುದನ್ನು ಮಾತ್ರ ನಿಲ್ಲಿಸಿ.

ಈ ಏರ್ಪಾಡಿನಲ್ಲಿ ಒಂದು ಎಚ್ಚರಿಕೆ ಅತಿಮುಖ್ಯ. ಹೊಸ ಖಾತೆ ತೆರೆಯುವಾಗ ಅರ್ಜಿಯಲ್ಲಿ ಸರ್ಕಾರದ ಸೌಲಭ್ಯದ ಹಣಕ್ಕಾಗಿ ಆಧಾರ್ ಜೋಡಣೆ ಮಾಡಬೇಕೇ ಎಂದು ಕೇಳುವ ಚೌಕದಲ್ಲಿ ಓದದೆ ಗುರುತು ಹಾಕಿಬಿಟ್ಟರೆ, ಆಧಾರ್ ಆಧಾರಿತ ಹಣವೆಲ್ಲ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಹೋಗತೊಡಗುತ್ತದೆ. ಪಿಎಂ ಕಿಸಾನ್ ಕಂತು ಬಂದಿಲ್ಲ, ಮನೆಯವರ ಗೃಹಲಕ್ಷ್ಮಿ ನಿಂತಿದೆ ಎಂದು ಅಲೆಯುವವರಲ್ಲಿ ಎಷ್ಟೋ ಜನರ ಹಣ ಅವರದ್ದೇ ಮರೆತುಹೋದ ಇನ್ನೊಂದು ಖಾತೆಯಲ್ಲಿ ಕುಳಿತಿರುತ್ತದೆ.

ಹತ್ತು ಸಾವಿರಕ್ಕಿಂತ ದೊಡ್ಡ ಮೊತ್ತವನ್ನು ಹೊಸಬರಿಗೆ ಕಳುಹಿಸುವಾಗ ನಾನು ನೆಫ್ಟ್ ಅನ್ನೇ ಆರಿಸಿಕೊಳ್ಳುತ್ತೇನೆ. 2019ರ ಡಿಸೆಂಬರ್‌ನಿಂದ ಅದು ದಿನದ 24 ಗಂಟೆಯೂ ಅರ್ಧ ಗಂಟೆಗೊಮ್ಮೆ ನಡೆಯುತ್ತಿದೆ, ಆದ್ದರಿಂದ ‘ಬ್ಯಾಂಕ್ ಮುಚ್ಚಿದೆ’ ಎಂಬ ಮಾತು ಈಗ ಸಲ್ಲದು. ಅಲ್ಲಿ ಹಣ ಜಮಾ ಆಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆ, ನೀವು ಟೈಪ್ ಮಾಡಿದ ಹೆಸರಿನ ಆಧಾರದ ಮೇಲಲ್ಲ. ಕಳುಹಿಸುವ ಮೊದಲು ಖಾತೆದಾರರ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡುವಂತೆ ರಿಸರ್ವ್ ಬ್ಯಾಂಕ್ ಸೂಚಿಸಿದ್ದರಿಂದ ಆ ಹೆಸರನ್ನು ನೋಡಿಯೇ ಮುಂದುವರಿಯಿರಿ. ಹಳೆಯ ಪಾಸ್‌ಬುಕ್ ನೋಡಿ ಬ್ಯಾಂಕಿನ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡ್ ಕೊಡುವ ಅಭ್ಯಾಸವನ್ನೂ ಬಿಡಬೇಕು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋದರೂ ನಮ್ಮ ಮಂಡಿಗಳ ಕಡತಗಳಲ್ಲಿ ‘ಎಸ್‌ವೈಎನ್‌ಬಿ’ ಎಂದು ಆರಂಭವಾಗುವ ಸಿಂಡಿಕೇಟ್ ಬ್ಯಾಂಕಿನ ಹಳೆಯ ಕೋಡ್‌ಗಳು ಇನ್ನೂ ಸಿಗುತ್ತವೆ.

ಇಷ್ಟಾದ ಮೇಲೆ ನಿಮ್ಮ 8,400ಕ್ಕೆ ಬರೋಣ. ಇಂದೇ ನರ್ಸರಿಗೆ ಎರಡೂ ರೆಫರೆನ್ಸ್ ಸಂಖ್ಯೆಗಳನ್ನು ಖಾಸಗಿಯಾಗಿ ಕಳುಹಿಸಿ, ಪಟ್ಟಿಯೊಂದಿಗೆ ಹೊಂದಿಸಲು ಹೇಳಿ. ಎರಡೂ ಬಂದಿದ್ದರೆ, ಅವರು ನಿಮ್ಮ ಯುಪಿಐ ಐಡಿಗೆ ಹೊಸದಾಗಿ ಕಳುಹಿಸಲಿ. ಮೊದಲು ಒಂದು ರೂಪಾಯಿ ಹಾಕಿ ನಿಮ್ಮ ಬ್ಯಾಂಕಿನ ಎಸ್‌ಎಂಎಸ್ ಬಂದದ್ದನ್ನು ಖಚಿತಪಡಿಸಿಕೊಂಡು ಉಳಿದದ್ದನ್ನು ಹಾಕುವುದು ಒಳ್ಳೆಯದು. ಒಂದೇ ಬಂದಿದ್ದರೆ ಐದು ದಿನ ಕಾಯಿರಿ, ಆರನೆಯ ದಿನ ಬ್ಯಾಂಕಿಗೆ ಪತ್ರ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಎರಡನೆಯ ಸಲ ಬಂದ ಹಣಕ್ಕೂ ಸಸಿ ಕೊಡುತ್ತೇವೆಂದು ಅವರು ಹೇಳಿದರೆ ಒಪ್ಪಿಕೊಳ್ಳುವ ಮೊದಲು ಬುಡ ಕೊಳೆತಿಲ್ಲದ ಗಿಡಗಳನ್ನು ನೀವೇ ಹೋಗಿ ಆರಿಸಿಕೊಳ್ಳಿ.