ಕ್ರೈಮ್ ಕಾಮಿಕ್ಸ್‌ನ ಎರಡನೇ ಭಾಗ ಸಿಗದಿದ್ದರೆ ಮೂರನೆಯದನ್ನು ಓದಬಹುದಾ?

'ಹಂಡ್ರೆಡ್ ಬುಲೆಟ್ಸ್' ಎರಡನೇ ಭಾಗವನ್ನು ಲೈಬ್ರರಿಯಿಂದ ಯಾರೋ ಒಯ್ದಿದ್ದಾರೆ, ಮೂರನೆಯದು ಕಪಾಟಿನಲ್ಲೇ ಇದೆ, ಓದಲಾ ಇಲ್ಲ ಇಡೀ ಸೆಟ್ ಕೊಳ್ಳಲಾ ಅಂತ ಕೇಳಿದ್ದೀರಿ. ಎರಡೂ ಬೇಡ.

ನಾನು ಕೆಟ್ಟಿದ್ದೂ ಇದೇ ಸರಣಿಯಲ್ಲಿ. ಶುರುವಿನಲ್ಲಿ ಅದು ಚೆನ್ನಾಗಿ ಯಾಮಾರಿಸುತ್ತದೆ. ಒಬ್ಬ ಮುದುಕ ಬ್ರೀಫ್‌ಕೇಸ್ ಹಿಡಿದು ಬರುತ್ತಾನೆ. ಒಳಗೆ ಪಿಸ್ತೂಲು, 100 ಗುಂಡು, ನಿಮ್ಮ ಬಾಳು ಹಾಳು ಮಾಡಿದವರು ಯಾರು ಅನ್ನೋದಕ್ಕೆ ಸಾಕ್ಷಿ. ಆ ಗುಂಡು ಸಿಕ್ಕ ಕಡೆ ಪೊಲೀಸರು ತನಿಖೆ ಕೈಬಿಡುತ್ತಾರೆ. ಸೇಡು ತೀರಿಸಿಕೊಳ್ಳೋದು ಬಿಡೋದು ನಿಮ್ಮಿಷ್ಟ. ಇಂಥ ಬಿಡಿ ಕಥೆಗಳೇ ಅಲ್ವಾ, ನಡುವೆ ಒಂದು ಭಾಗ ಬಿಟ್ಟರೆ ಏನು ಮಹಾ ಅಂದುಕೊಂಡೆ. ಆದರೆ 1999ರಿಂದ 2009ರವರೆಗೆ ಬಂದ 100 ಸಂಚಿಕೆಗಳೂ ಸೇರಿ ಒಂದೇ ಕಥೆ.

ಸುಮ್ನೆ ನಾಲ್ಕು ಪುಟ ನೋಡೋಣ, ಅರ್ಥವಾಗದಿದ್ದರೆ ಮುಚ್ಚಿಡೋಣ ಅಂತ ಮುಂದಿನ ಭಾಗ ತೆರೆದೆ. ಕಾದಂಬರಿಯಾಗಿದ್ದರೆ ಬಚಾವಾಗುತ್ತಿದ್ದೆ. ಕಾಮಿಕ್ಸ್‌ನಲ್ಲಿ ಒಂದು ಮಾತು ಓದುವ ಮೊದಲೇ ಕಣ್ಣು ಇಡೀ ಪುಟ ನುಂಗಿರುತ್ತದೆ. ಯಾರು ಬದುಕಿದ್ದಾರೆ, ಯಾರು ಯಾರ ಕಡೆ, ಎಲ್ಲ ಚಿತ್ರದಲ್ಲೇ ಕಂಡುಹೋಯಿತು. ಪಟ್ಟನೆ ಮುಚ್ಚಿದೆ, ಏನು ಪ್ರಯೋಜನ? ಬಿಟ್ಟ ಭಾಗ ಕೊನೆಗೂ ಕೈಗೆ ಬಂದಾಗ ಹಣೆಗೆ ಗನ್ ಇಟ್ಟ ದೃಶ್ಯಕ್ಕೂ ಎದೆ ಢವಗುಟ್ಟಲಿಲ್ಲ. ಈತ ಸಾಯಲ್ಲ ಅಂತ ಗೊತ್ತಿತ್ತಲ್ಲ! ಕ್ರೈಮ್ ಕಥೆಯಲ್ಲಿ ಆ ಢವಢವ ಹೋದ ಮೇಲೆ ಉಳಿಯೋದೇನು?

ಎರಡನೇ ಭಾಗಕ್ಕೆ ಹೆಸರು ಬರೆಸಿ. ಅಲ್ಲಿವರೆಗೆ ಮೊದಲನೆಯದನ್ನೇ ಇನ್ನೊಮ್ಮೆ ನೋಡಿ, ಈ ಸಲ ಮಾತುಗಳನ್ನು ಬಿಟ್ಟು. ಇದರ ಚಿತ್ರ ಬರೆದ ಎಡ್ವಾರ್ಡೊ ರಿಸ್ಸೊ ಅರ್ಧ ಮುಖವನ್ನು ಕಪ್ಪು ನೆರಳಲ್ಲಿ ಮುಳುಗಿಸಿಬಿಡುತ್ತಾನೆ. ಮುಂದೆ ಇಬ್ಬರು ಮಾತಾಡುತ್ತಿದ್ದರೆ ಹಿಂದೆ ಯಾರೋ ದಾರಿಹೋಕರು ತಮ್ಮದೇ ರಗಳೆಯಲ್ಲಿರುತ್ತಾರೆ. ಮೊದಲ ಓದಿನಲ್ಲಿ ನನಗಂತೂ ಇದೊಂದೂ ಕಂಡಿರಲಿಲ್ಲ.

ಸೆಟ್ ಕೊಳ್ಳೋದು ಪೂರ್ತಿ ಓದಿ, ಮತ್ತೆ ಬೇಕೆನಿಸಿದ ಮೇಲೆ. ಆ 100 ಸಂಚಿಕೆಗಳನ್ನು ಸೇರಿಸಿ ಮಾಡಿದ 13 ಭಾಗ ಒಟ್ಟಿಗೆ ಮನೆಗೆ ಬಂದರೆ ಗಬಗಬ ಓದಿ ಮುಗಿಸುತ್ತೀರಿ, ಅಷ್ಟೇ.

ಕಾಯೋಕೆ ಆಗೋದೇ ಇಲ್ಲ ಅನ್ನೋರಿಗೆ ಎಡ್ ಬ್ರೂಬೇಕರ್, ಶಾನ್ ಫಿಲಿಪ್ಸ್ 2006ರಲ್ಲಿ ಶುರುಮಾಡಿದ 'ಕ್ರಿಮಿನಲ್' ಕಾಮಿಕ್ಸ್ ಸರಣಿ ಇದೆ. ಅಲ್ಲಿ ಒಂದೊಂದು ಕಥೆಯೂ ಅಲ್ಲಲ್ಲೇ ಮುಗಿಯುತ್ತದೆ. ಪಾತ್ರಗಳು ಆಚೀಚೆ ಸುಳಿದಾಡಿದರೂ ಯಾವುದನ್ನು ಮೊದಲು ಓದಿದರೂ ನಡೆಯುತ್ತದೆ.

ಹಾಂ, ಆ ಮೂರನೇ ಭಾಗದ ಹಿಂಬದಿ ರಟ್ಟನ್ನೂ ಓದಬೇಡಿ. ಅರ್ಧ ಕಥೆ ಅಲ್ಲೇ ಹೇಳಿಬಿಟ್ಟಿರ್ತಾರೆ.